ಒಂದ ಅಂತ ಬರದ್ರ ಸಾಕು

ಮಾವಶಿಯ ಎಡ ಮುಂಗೈಯ ಒಳಬದಿಯಲ್ಲಿ ಅವರ ಗಂಡನ ಹೆಸರಿನ ಹಚ್ಚೆ ಇತ್ತು. ಕನ್ನಡದ ಅಕ್ಷರಗಳು. ಒಂದು ಕಾಲಕ್ಕೆ ಹಸಿರಾಗಿದ್ದಿರಬೇಕು. ನಾನು ಕಂಡಾಗ ನೀಲಿಗಪ್ಪಾಗಿ, ಅಂಚು ಹರಡಿ, ಕೊನೆಯ ಅಕ್ಷರ ತೊಗಲಿನ ಸುಕ್ಕಿನಲ್ಲಿ ಮಡಚಿಹೋಗಿತ್ತು. ಯಾರಾದರೂ ಗಂಡನ ಹೆಸರು ಕೇಳಿದರೆ ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು, ತೋಳನ್ನು ಮುಂದೆ ಚಾಚಿ, ಓದಿಕೊಳ್ಳಿ ಎಂಬಂತೆ ಮುಖ ಆಚೆ ತಿರುಗಿಸುತ್ತಿದ್ದರು. ರೇಶನ್ ಅಂಗಡಿಯಲ್ಲೂ ಹಾಗೆಯೇ, ಬ್ಯಾಂಕಿನಲ್ಲೂ ಹಾಗೆಯೇ. ಸಾಂಗ್ಲಿಯಲ್ಲಾಗಲಿ ಮಿರಜದಲ್ಲಾಗಲಿ ಕೌಂಟರಿನ ಆಚೆ ಕೂತವರಲ್ಲಿ ಕನ್ನಡ ಓದಬಲ್ಲವರು ಕಡಿಮೆ. ಸಾಲಿನಲ್ಲಿ ನಿಂತ ಯಾರಾದರೂ ಓದಿ ಹೇಳಬೇಕಾಗುತ್ತಿತ್ತು.

ಸಾಂಗ್ಲಿಯ ವಿಶ್ರಾಮಬಾಗದ ನಮ್ಮ ಕಟ್ಟಡದ ಮೆಟ್ಟಿಲು ತೊಳೆಯುವುದು ಅವರ ಕೆಲಸ. ಕಟ್ಟಡದವರಿಗೆಲ್ಲ ಅವರು ಮಾವಶಿ, ಅಂದರೆ ಚಿಕ್ಕಮ್ಮ. ವಿಜಾಪುರದ ಕಡೆಯ ಹಳ್ಳಿಯವರು. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಕೂಲಿಗೆಂದು ಮಿರಜಕ್ಕೆ ಬಂದು, ರೈಲು ಹಳಿಯ ಆಚೆಯ ಗುಡಿಸಲುಗಳ ವಸ್ತಿಯಲ್ಲಿ ಉಳಿದುಬಿಟ್ಟವರು. ಲಿಫ್ಟ್ ಇದ್ದರೂ ಹತ್ತುತ್ತಿರಲಿಲ್ಲ. ಬಕೆಟ್ಟು ಹೊತ್ತು ಮೇಲಿನ ಮಹಡಿಗೆ ಹೋಗಿ, ಅಲ್ಲಿಂದ ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿಯುತ್ತ ತೊಳೆಯುತ್ತಿದ್ದರು. ತೊಳೆದ ಮೆಟ್ಟಿಲಿನ ಮೇಲೆ ಚಪ್ಪಲಿ ಹಾಕಿಕೊಂಡು ಬಂದವರಿಗೆ ಬೈಗುಳವಿಲ್ಲ; ‘ಬರ್ರಿ ಬರ್ರಿ, ನಿಮ್ಮ ಪಾದ ಕಾಣಲಿ ಅಂತನ ತೊಳದೇನಿ’ ಎನ್ನುತ್ತಿದ್ದರು. ಮರಾಠಿ ಮಂದಿಗೂ ಅದನ್ನು ಕನ್ನಡದಲ್ಲೇ ಹೇಳುತ್ತಿದ್ದರು. ಮಾತು ತಿಳಿಯದಿದ್ದರೂ ಅವರು ಚಪ್ಪಲಿ ಕೈಗೆತ್ತಿಕೊಳ್ಳುತ್ತಿದ್ದರು.

ನಮ್ಮ ಮನೆಯವರು ತಲೆಮಾರುಗಳ ಹಿಂದೆ ಕನ್ನಡ ಸೀಮೆಯಿಂದ ಬಂದು ಸಾಂಗ್ಲಿ ಪೇಟೆಯಲ್ಲಿ ಅರಿಸಿನದ ವ್ಯಾಪಾರಕ್ಕೆ ನಿಂತವರು. ಮನೆಯಲ್ಲಿ ಕನ್ನಡ ಪೂರ್ತಿ ಉಳಿದದ್ದು ನಮ್ಮ ಆಯಿಯ, ಅಂದರೆ ಅಜ್ಜಿಯ ಬಾಯಲ್ಲಿ. ಮೆಟ್ಟಿಲ ಕೆಲಸ ಮುಗಿದ ಮೇಲೆ ಮಾವಶಿ ನಮ್ಮ ಬಾಗಿಲ ಹೊರಗೆ ಕೂತು ಆಯಿಯ ಜೊತೆ ಮಾತಾಡುತ್ತಿದ್ದರು. ಅವರ ಚಹಾದ ಕಪ್ಪು ಬೇರೆ ಇತ್ತು. ಮೀಟರ್ ಪೆಟ್ಟಿಗೆಯ ಮೇಲೆ ಇರುತ್ತಿತ್ತು. ಆಯಿ ತೀರಿಕೊಂಡ ಮೇಲೆ ನಾನು ಒಳಗಿನ ಕಪ್ಪಿನಲ್ಲಿ ಚಹಾ ಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ‘ನಂದೊಂದ ಕಪ್ಪ ಐತಲ್ರಿ’ ಎಂದು ತಮ್ಮದಕ್ಕೇ ಸುರಿದುಕೊಂಡರು. ನನ್ನ ಸಮಾಧಾನಕ್ಕೆ ಅವರು ಸಹಕರಿಸಲಿಲ್ಲ, ಅಷ್ಟೆ.

ಅವರ ಗಂಡ ತೀರಿಕೊಂಡಾಗ ನಾನು ಕೊಲ್ಹಾಪುರದ ಹಾಸ್ಟೆಲಿನಲ್ಲಿದ್ದೆ. ಮಿರಜ ರಸ್ತೆಯ ಆಚೆ ಯಾವುದೋ ಹೊಸ ಕಟ್ಟಡದಲ್ಲಿ ಮಾಳಿ, ಅಂದರೆ ತೋಟಗಾರನ ಕೆಲಸ ಮಾಡುತ್ತಿದ್ದರು, ಗಿಡಕ್ಕೆ ನೀರು ಹಾಕುವಾಗ ಕಾಲು ಜಾರಿ ತೆರೆದ ಟ್ಯಾಂಕಿನಲ್ಲಿ ಬಿದ್ದರು ಎಂದು ಫೋನಿನಲ್ಲಿ ಅವ್ವ ಹೇಳಿದ್ದಳು. ರಜೆಗೆ ಬಂದಾಗ ನಾನು ಮಾವಶಿಯ ಬಕೆಟ್ಟಿಗೆ ನೀರು ತುಂಬಿ ಕೊಟ್ಟೆ. ಅವರು ಎಂದಿನಂತೆ ಮೆಟ್ಟಿಲು ಒರೆಸುತ್ತಿದ್ದರು. ಅದಾದ ಕೆಲವೇ ತಿಂಗಳಲ್ಲಿ ಅವರ ಒಬ್ಬಳೇ ಮಗಳ ಮದುವೆಯಾಯಿತು, ಮೊದಲೇ ನಿಶ್ಚಯವಾಗಿದ್ದ ಸಂಬಂಧದಲ್ಲೇ. ಎಲ್ಲರೂ ಅದನ್ನು ದೊಡ್ಡ ಪುಣ್ಯವೆಂದರು.

ಓದು ಮುಗಿಸಿ ಬಂದ ನನಗೆ ಸಿಕ್ಕ ಕೆಲಸ ಲೋಕಸಭೆಯ ಒಬ್ಬ ಸದಸ್ಯರ ಕಚೇರಿಯಲ್ಲಿ. ಇಲ್ಲಿಯವರ ಬಾಯಲ್ಲಿ ಅವರು ಖಾಸದಾರರು. ಯಾವ ಮತಕ್ಷೇತ್ರದವರು ಎಂದು ಬರೆಯುವುದಿಲ್ಲ. ಒಳ್ಳೆಯ ಮನುಷ್ಯರು, ಆತುರದ ಮನುಷ್ಯರು. ಅಧಿವೇಶನದ ಮುಂಚೆ ಅವರ ಪರವಾಗಿ ಪ್ರಶ್ನೆಗಳನ್ನು ಬರೆದು ಸಿದ್ಧ ಮಾಡುವುದು ನನ್ನ ಕೆಲಸ. ಹೆಚ್ಚಿನವು ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು. ಅಂದರೆ ಮಂತ್ರಿಗಳು ಎದ್ದುನಿಂತು ಹೇಳಬೇಕಾಗಿಲ್ಲ, ಲಿಖಿತ ಉತ್ತರ ಕೊಟ್ಟರೆ ಸಾಕು. ಆ ಉತ್ತರವನ್ನು ಸದನದ ಮೇಜಿನ ಮೇಲೆ ಇಡುತ್ತಾರೆ. ಒಂದು ಪ್ರಶ್ನೆಗೆ ಅ, ಆ, ಇ ಎಂದು ಭಾಗಗಳಿರುತ್ತವೆ. ಮೊದಲ ಭಾಗಕ್ಕೆ ಮಂತ್ರಿಗಳು ‘ಇಲ್ಲ’ ಎಂದುಬಿಟ್ಟರೆ ಉಳಿದ ಭಾಗಗಳು ತಾವಾಗಿಯೇ ಬಿದ್ದುಹೋಗುತ್ತವೆ. ಅವುಗಳ ಎದುರು ‘ಪ್ರಶ್ನೆ ಉದ್ಭವಿಸುವುದಿಲ್ಲ’ ಎಂದಿರುತ್ತದೆ. ಈ ಸಾಲನ್ನು ನಾನು ಎಷ್ಟು ಸಲ ಮರಾಠಿಗೆ ಅನುವಾದಿಸಿದ್ದೇನೋ ಲೆಕ್ಕವಿಲ್ಲ.

ಆ ಸಲ ಪತ್ರಿಕೆಗಳಲ್ಲಿ ಬಂದ ಸುದ್ದಿಗಳನ್ನು ನೋಡಿ, ಈಚಿನ ವರ್ಷಗಳಲ್ಲಿ ಗಟಾರು ಮತ್ತು ಸೆಪ್ಟಿಕ್ ಟ್ಯಾಂಕಿಗೆ ಇಳಿದು ಸತ್ತವರು ಎಷ್ಟು ಜನ, ಯಾವ ಯಾವ ಜಿಲ್ಲೆಯಲ್ಲಿ, ಎಂದು ನಾವು ಕೇಳಿದ್ದೆವು. ಉತ್ತರ ಬಂತು. ಭಾನುವಾರ, ಮನೆಯ ಬಾಗಿಲು ತೆರೆದಿಟ್ಟುಕೊಂಡು ನಾನು ಅದನ್ನು ಓದುತ್ತ ಕೂತಿದ್ದೆ. ಮಾವಶಿ ಹೊಸ್ತಿಲ ಆಚೆ ತಟ್ಟೆಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದರು. ರಜೆಯ ದಿನವೂ ಇದೇನು ಓದು ಎಂದು ಕೇಳಿದರು. ನಾನು ನನ್ನ ಅರ್ಧಮರ್ಧ ಕನ್ನಡದಲ್ಲಿ ತಿಳಿಸಿದೆ. ಅವರು ತಟ್ಟೆ ಕೆಳಗಿಟ್ಟರು.

‘ಅದರಾಗ ನಮ್ಮವರನ ಎಣಸ್ಯಾರೇನ್ರಿ, ಅಕ್ಕಾರ?’

ನನಗೆ ಅರ್ಥವಾಗಲಿಲ್ಲ. ನಿಮ್ಮವರು ಮಾಳಿ ಇದ್ದರಲ್ಲ ಎಂದೆ. ಅವರು ಅದಕ್ಕೆ ಉತ್ತರಿಸದೆ, ‘ನೋಡ್ರಿ ಒಮ್ಮೆ’ ಎಂದರು. ಸಾವುಗಳು ದಾಖಲಾದ ಜಿಲ್ಲೆಗಳ ಹೆಸರು ಉತ್ತರದ ಜೊತೆಗಿನ ಅನುಬಂಧದಲ್ಲಿದ್ದವು. ನಮ್ಮ ಜಿಲ್ಲೆಯ ಹೆಸರೇ ಅದರಲ್ಲಿ ಇರಲಿಲ್ಲ. ಹಾಗೆಂದು ಹೇಳಿದೆ. ಮಾವಶಿ, ಇದನ್ನು ಮಂತ್ರಿ ತಾನೇ ಕೂತು ಬರೆಯುತ್ತಾನೇನು ಎಂದು ಕೇಳಿದರು. ಇಲ್ಲ, ಅವರ ಕಚೇರಿಯ ಅಧಿಕಾರಿಗಳು ಬರೆಯುತ್ತಾರೆ ಎಂದೆ.

‘ಅವರಿಗೆ ಯಾರ ಹೇಳತಾರ?’

‘ರಾಜ್ಯದವರು.’

‘ರಾಜ್ಯದವರಿಗೆ?’

‘ಜಿಲ್ಲಾ ಕಚೇರಿಯವರು, ಮಾವಶಿ. ಅವರಿಗೆ ಪೊಲೀಸರ ಕಡೆಯಿಂದ ಬರತದ.’

‘ಪೊಲೀಸರಿಗೆ?’

ಇದಕ್ಕೆ ಉತ್ತರ ಅವರೇ ಹೇಳಿದರು:

‘ಪೊಲೀಸರಿಗೆ ನಾ ಹೇಳೇನ್ರಿ.’

ಆಮೇಲೆ ಅವರು ಹೇಳಿದ್ದನ್ನು ಒಟ್ಟು ಮಾಡಿ ಬರೆಯುತ್ತೇನೆ, ಏಕೆಂದರೆ ಅವರು ಹೇಳಿದ್ದು ಬಿಡಿಬಿಡಿಯಾಗಿ, ಹಲವು ದಿನ, ಮೆಟ್ಟಿಲು ಒರೆಸುತ್ತ. ಅವರ ಗಂಡ ಮಿರಜಕ್ಕೆ ಬಂದಂದಿನಿಂದ ಮಾಡಿದ್ದು ಸೆಪ್ಟಿಕ್ ಟ್ಯಾಂಕಿಗೆ ಇಳಿದು ಹೊಲಸು ಬಳಿಯುವ ಕೆಲಸ. ಊರಲ್ಲಿ ಹೇಳಿದ್ದು ಮಾಳಿ ಎಂದು. ಕೆಲಸ ಮುಗಿಸಿ ರೈಲ್ವೆ ಯಾರ್ಡಿನ ನಳದಲ್ಲಿ ಸಾಬೂನು ಹಚ್ಚಿ ಮಿಂದೇ ವಸ್ತಿಗೆ ಬರುತ್ತಿದ್ದರು. ಮಗಳಿಗೆ ಸಂಬಂಧ ಬಂದ ಮನೆಯವರು ಇವರದೇ ಜನ. ಅವರ ಹಿರಿಯರೂ ಇದೇ ಕೆಲಸ ಮಾಡಿ, ಅವಮಾನ ಉಂಡು, ಒಂದು ದಿನ ಬುಟ್ಟಿ ಎಸೆದು ಎದ್ದುಬಂದವರು. ‘ಆ ಕೆಲಸ ನಮ್ಮ ಮನ್ಯಾಗ ಸತ್ತೈತಿ. ಬಿಟ್ಟವರ ಕೂಡನ ನಮ್ಮ ಬೀಗತನ’ ಎಂದು ಬೀಗರು ಮೊದಲೇ ಹೇಳಿದ್ದರಂತೆ. ಅದು ತಪ್ಪು ಮಾತೆಂದು ಮಾವಶಿ ಯಾವತ್ತೂ ಅನ್ನಲಿಲ್ಲ. ನನಗೂ ಅನ್ನಲಾಗುವುದಿಲ್ಲ.

ಹಾಗಾಗಿ ಗಂಡಹೆಂಡತಿ ಹಳೆಯ ಪೇಟೆಯಿಂದ ಒಂದು ಕಳೆ ಕೀಳುವ ಕುರಪಿ, ಒಂದು ಟೊಂಗೆ ಕತ್ತರಿಸುವ ಕತ್ತರಿ ತಂದು ಬಾಗಿಲ ಹಿಂದೆ ನೇತುಹಾಕಿದರು. ಬೀಗರು ಬರುವ ದಿನ ಕುರಪಿಗೆ ಮಣ್ಣು ಹಚ್ಚಿಡುವುದು ಮಾವಶಿಯ ಕೆಲಸ. ಮಾಲಗಾಂವದ ದ್ರಾಕ್ಷಿ ತೋಟದವರು ಚಹಾ ಅಂಗಡಿಯಲ್ಲಿ ಆಡುವ ಮಾತನ್ನು ಕೇಳಿಸಿಕೊಂಡು ಗಂಡ ಬೀಗರ ಮುಂದೆ ಬಳ್ಳಿ ಕತ್ತರಿಸುವುದು ಹೇಗೆ, ಗೊಬ್ಬರ ಯಾವಾಗ ಎಂದು ಒಪ್ಪಿಸುತ್ತಿದ್ದರು. ‘ಎಷ್ಟ ಛಂದ ಹೇಳತಿದ್ರಂದ್ರ, ನನಗ ಖರೇ ಅನಸತಿತ್ರಿ’ ಎಂದು ಮಾವಶಿ ನಕ್ಕಿದ್ದರು. ಅವರು ಈ ವಿಷಯದಲ್ಲಿ ನಕ್ಕದ್ದು ಅದೊಂದೇ ಸಲ ನೋಡಿದ್ದೇನೆ.

ಗಂಡ ಟ್ಯಾಂಕಿನೊಳಗೆ ಉಸಿರುಗಟ್ಟಿ ಸತ್ತ ದಿನ ಬೀಗರು ಮಿರಜದಲ್ಲೇ ಇದ್ದರು. ಯಾರನ್ನೋ ಆಸ್ಪತ್ರೆಗೆ ತೋರಿಸಲು ಊರಿಂದ ಬಂದವರು, ಸುದ್ದಿ ತಿಳಿದು ಮೊದಲು ಓಡಿಬಂದವರೇ ಅವರು. ಆಸ್ಪತ್ರೆಯಲ್ಲಿ ಶವದ ಪಕ್ಕ ಪೊಲೀಸರೊಬ್ಬರು ಮಾವಶಿಯನ್ನು ಕೇಳಿದರು: ಹೆಸರು? ಮಾವಶಿ ತೋಳು ಚಾಚಿದರು. ಆ ಪೊಲೀಸರಿಗೆ ಕನ್ನಡ ಓದಲು ಬಾರದು. ಬೀಗರು ಬಗ್ಗಿ ಓದಿ ಹೇಳಿದರು. ಕೆಲಸ? ಬೀಗರ ತಲೆ ಇನ್ನೂ ಅವರ ತೋಳಿನ ಮೇಲೇ ಬಗ್ಗಿತ್ತು. ಮಾಳಿ, ಎಂದರು ಮಾವಶಿ. ಹೇಗಾಯಿತು? ಗಿಡಕ್ಕೆ ನೀರು ಹಾಕಲು ಹೋಗಿದ್ದರು, ಕಾಲು ಜಾರಿತು. ಟ್ಯಾಂಕು ಬಳಿಯಲು ಕರೆಸಿದ್ದ ಕಟ್ಟಡದವರು ಆಗ ಬಾಗಿಲಲ್ಲಿ ನಿಂತಿದ್ದರು. ಯಾವ ಮಾತನ್ನು ಹೇಗೆ ಹೇಳುವುದೆಂದು ಅವರು ಹೆದರಿದ್ದರೋ ಆ ಮಾತನ್ನು ಸತ್ತವನ ಹೆಂಡತಿಯೇ ಹೇಳಿಬಿಟ್ಟಿದ್ದಳು. ಅವರೆಲ್ಲ ತಲೆಯಾಡಿಸಿದರು. ಸತ್ತವರ ಗುರುತು ಹೇಳಿದವರೆಂದು ಬೀಗರು ಸಹಿ ಮಾಡಿದರು. ಮಾವಶಿ ಹೆಬ್ಬೆಟ್ಟು ಒತ್ತಿದರು.

‘ಹಂಗಾದ್ರ ಮಂತ್ರಿ ಬರದದ್ದು ನನ್ನ ಮಾತನ ಅಲ್ಲೇನ್ರಿ?’ ಎಂದರು ಒಂದು ದಿನ, ಬಟ್ಟೆ ಹಿಂಡುತ್ತ.

ಅವರಿಗೆ ಬೇಕಾದದ್ದು ಬಹಳ ಸಣ್ಣದು, ಮತ್ತು ಅದನ್ನು ಅವರು ಬಹಳ ಯೋಚಿಸಿ ನಿರ್ಧರಿಸಿದ್ದರು. ಪರಿಹಾರದ ಮಾತೆತ್ತಿದಾಗ ಕೈ ಅಡ್ಡ ಆಡಿಸಿದರು. ಹೆಸರೂ ಬೇಡ. ಸರ್ಕಾರ ಟ್ಯಾಂಕಿನಲ್ಲಿ ಸತ್ತವರನ್ನು ಎಣಿಸುವಾಗ ಅವರ ಗಂಡನನ್ನೂ ಎಣಿಸಬೇಕು. ಊರಲ್ಲಿ ಮಾಳಿಯಾಗಿಯೇ ಇರಲಿ, ಮಗಳ ಮನೆಗೆ ಏನೂ ತಿಳಿಯದಿರಲಿ. ದಿಲ್ಲಿಯ ಕಾಗದದಲ್ಲಿ ಮಾತ್ರ ಖರೆ ಇರಲಿ. ಮೇಜಿನ ಮೇಲೆ ಇಟ್ಟದ್ದನ್ನು ಯಾರು ಓದುತ್ತಾರೆ ಎಂದು ನನ್ನನ್ನು ಮೊದಲೇ ಕೇಳಿ ಖಾತ್ರಿ ಮಾಡಿಕೊಂಡಿದ್ದರು. ಯಾರೂ ಓದುವುದಿಲ್ಲ ಎಂದು ನಾನು ಸ್ವಲ್ಪ ನಾಚಿಕೆಯಿಂದಲೇ ಹೇಳಿದ್ದೆ. ಅವರಿಗೆ ಅದೇ ಬೇಕಾಗಿತ್ತು. ‘ಒಂದ ಅಂತ ಬರದ್ರ ಸಾಕ್ರಿ’ ಎಂದರು. ‘ಅವರ ಹ್ವಾದದ್ದು ಎಲ್ಯರೆ ಒಂದ ಕಡೆ ಖರೇ ಇರಬೇಕ ಅಲ್ಲ?’

ಪೊಲೀಸ್ ಠಾಣೆಗೆ ನಾವು ಒಟ್ಟಿಗೆ ಹೋದೆವು. ಅಲ್ಲಿದ್ದ ವಯಸ್ಸಾದ ಹವಾಲ್ದಾರರು ನಮ್ಮನ್ನು ಕೂಡಿಸಿ, ಮಾವಶಿಗೆ ನೀರು ತರಿಸಿ, ಪೂರ್ತಿ ಕೇಳಿಸಿಕೊಂಡರು. ನಾನು ಜಗಳಕ್ಕೆ ಸಿದ್ಧವಾಗಿ ಹೋಗಿದ್ದೆ. ಜಗಳವಾಡಲು ಅಲ್ಲಿ ಯಾರೂ ಇರಲಿಲ್ಲ. ಅವರು ಹಳೆಯ ಹೇಳಿಕೆಯನ್ನು ತೆಗೆದು ಮರಾಠಿಯಲ್ಲಿ ಓದಿದರು, ನಾನು ಕನ್ನಡದಲ್ಲಿ ಹೇಳಿದೆ. ಇದು ನಿಮ್ಮದೇ ಮಾತಲ್ಲವೇ ಎಂದು ಮೆತ್ತಗೆ ಕೇಳಿದರು. ಹೌದು ಎಂದರು ಮಾವಶಿ. ಬದಲಿಸಬಹುದು ಎಂದು ಹವಾಲ್ದಾರರು ಮುಂದುವರಿಸಿದರು. ಹೊಸದಾಗಿ ವಿಚಾರಣೆ ಆಗಬೇಕು, ಆಗ ಸಹಿ ಮಾಡಿದವರನ್ನು ಊರಿಂದ ಕರೆಸಿ ಮತ್ತೆ ಕೇಳಬೇಕಾಗುತ್ತದೆ. ಅನುವಾದಿಸುವ ಮುಂಚೆಯೇ ಮಾವಶಿಗೆ ಅರ್ಥವಾಗಿತ್ತು. ಎದ್ದುನಿಂತು ಕೈಮುಗಿದರು.

‘ಬ್ಯಾಡ್ರಿ ಸಾಹೇಬ್ರ. ಬೀಗರನ ಕರಸಬ್ಯಾಡ್ರಿ.’

ರಿಕ್ಷಾದಲ್ಲಿ ಮರಳಿದೆವು. ಮಿರಜ ಸ್ಟೇಷನ್ನಿನ ಹತ್ತಿರ ಇಳಿಯುವಾಗ ಅವರು, ‘ಮಂತ್ರಿನ್ನ ಇನ್ನೊಮ್ಮೆ ಕೇಳಾಕ ಬರತೈತೇನ್ರಿ? ಬ್ಯಾರೆ ನಮೂನಿ?’ ಎಂದು ಕೇಳಿದರು.

ಬರುತ್ತದೆ ಎಂದೆ. ಹೇಳಿದ ಮೇಲೆ ಮಾಡಬೇಕಾಯಿತು. ಟ್ಯಾಂಕಿನಲ್ಲಾದ ಕೆಲವು ಸಾವುಗಳು ಕಾಲುಜಾರಿ ಬಿದ್ದ ಸಾವುಗಳೆಂದು ದಾಖಲಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದರೆ, ಮನೆಯವರಿಗೆ ತೊಂದರೆಯಾಗದಂತೆ ಅವನ್ನು ಮರುಪರಿಶೀಲಿಸಿ ಎಣಿಕೆಗೆ ಸೇರಿಸುವ ವ್ಯವಸ್ಥೆ ಇದೆಯೇ, ಇಲ್ಲದಿದ್ದರೆ ಕಾರಣವೇನು. ನಾನು ಬರೆದ ಪ್ರಶ್ನೆಗಳಲ್ಲಿ ಇಷ್ಟು ತಿದ್ದಿದ್ದು ಬೇರೊಂದಿಲ್ಲ. ಖಾಸದಾರರು ತಲೆಬರಹ ಓದಿ, ಇದು ನಮ್ಮ ಕಡೆಯ ಪ್ರಕರಣವೇ ಎಂದು ಕೇಳಿದರು. ಸಾಮಾನ್ಯ ಪ್ರಶ್ನೆ ಎಂದೆ. ಸಹಿ ಹಾಕಿದರು.

ಪ್ರಶ್ನೆಗಳನ್ನು ಚೀಟಿ ಎತ್ತಿ ಆರಿಸುತ್ತಾರೆ. ಆ ಅಧಿವೇಶನದಲ್ಲಿ ನಮ್ಮದು ಬರಲಿಲ್ಲ. ಮುಂದಿನದಕ್ಕೆ ಮತ್ತೆ ಕಳಿಸಿದೆ. ಕಾಯುವ ಆ ತಿಂಗಳುಗಳಲ್ಲಿ ಮಾವಶಿಗೆ ಮಂತ್ರಿ ಯಾರೋ ನೆಂಟನಂತೆ ಆಗಿಬಿಟ್ಟಿದ್ದ. ‘ಏನಂತಾನ್ರಿ ನಮ್ಮಂವ?’ ಎನ್ನುತ್ತಿದ್ದರು ನನ್ನನ್ನು ಕಂಡ ಕೂಡಲೆ. ಇನ್ನೂ ಬರೆದಿಲ್ಲ ಎಂದರೆ, ‘ಪೆನ್ನಿನ್ಯಾಗ ಶಾಯಿ ಇಲ್ಲೇನ ಅವಗ? ಚಂದಾ ಎತ್ತಿ ಕೊಡಸೂಣು’ ಎನ್ನುತ್ತಿದ್ದರು. ಮೂರನೆಯ ಮಹಡಿಯ ನಿವೃತ್ತ ಕಾಕಾ ಒಮ್ಮೆ ಇದನ್ನು ಕೇಳಿಸಿಕೊಂಡು, ಮಾವಶಿಗೆ ದಿಲ್ಲಿಯಲ್ಲಿ ಸಂಬಂಧ ಬೆಳೆದಿದೆ ಎಂದು ಚೇಷ್ಟೆ ಮಾಡಿದರು. ಹೌದು, ಇನ್ನು ನಿಮ್ಮ ಮೆಟ್ಟಿಲನ್ನು ಅಲ್ಲಿಂದಲೇ ತೊಳೆಸುತ್ತೇನೆ ಎಂದರು ಮಾವಶಿ. ಆ ದಿನಗಳಲ್ಲಿ ಅವರ ಮುಖ ಸ್ವಲ್ಪ ಊದಿರುತ್ತಿತ್ತು, ಪಾದವೂ. ನೀರಲ್ಲಿ ನಿಂತು ಹಾಗಾಗಿದೆ ಎನ್ನುತ್ತಿದ್ದರು. ಡಾಕ್ಟರಿಗೆ ತೋರಿಸಿ ಎಂದರೆ, ವಿಜಾಪುರದಿಂದ ಜನ ರೈಲು ಹತ್ತಿ ಬರುವ ಆಸ್ಪತ್ರೆಗಳ ಊರಲ್ಲಿ ತಾನು ಇದ್ದೇನಲ್ಲ, ಯಾವಾಗ ಬೇಕಾದರೂ ಹೋಗಬಹುದು ಎನ್ನುತ್ತಿದ್ದರು.

ಉತ್ತರ ಬಂದ ದಿನ ನಾನು ಅದನ್ನು ಕಚೇರಿಯಲ್ಲಿ ಓದಿದೆ. ಮೊದಲ ಭಾಗಕ್ಕೆ: ಅಂಥ ಮಾಹಿತಿ ಯಾವ ರಾಜ್ಯದಿಂದಲೂ ಬಂದಿಲ್ಲ. ಉಳಿದ ಭಾಗಗಳಿಗೆ: ಪ್ರಶ್ನೆ ಉದ್ಭವಿಸುವುದಿಲ್ಲ. ಕೆಳಗೆ ಏನೂ ಇಲ್ಲ. ಬಿಳಿ ಹಾಳೆ. ಇದರಲ್ಲಿ ಸುಳ್ಳೆಂದು ಬೆರಳಿಟ್ಟು ತೋರಿಸುವಂಥ ಒಂದು ಪದವೂ ಇರಲಿಲ್ಲ. ಕೆಳಗಿನವರು ಹೇಳಿದ್ದನ್ನು ಮೇಲಿನವರು ಬರೆದಿದ್ದರು, ಆ ಮೇಲಿನವರು ಬರೆದದ್ದಕ್ಕೆ ಮಂತ್ರಿ ಸಹಿ ಮಾಡಿದ್ದರು. ಎಲ್ಲರಿಗಿಂತ ಕೆಳಗೆ ಮಾವಶಿಯ ಹೆಬ್ಬೆಟ್ಟು ಇತ್ತು.

ಅವರಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದೆ. ಮರುದಿನ ಬೆಳಿಗ್ಗೆ ಎರಡನೆಯ ಮಹಡಿಯ ತಿರುವಿನಲ್ಲಿ ಅವರ ಎದುರು ನಿಂತು, ಬಂದಿದೆ, ಆದರೆ ಎಣಿಸುವುದಿಲ್ಲವಂತೆ ಎಂದೆ. ಮತ್ತೊಮ್ಮೆ ಕೇಳಬಹುದು ಎಂದೂ ಸೇರಿಸಿದೆ. ಅವರು ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದರು. ಬೈಯಲಿಲ್ಲ, ಅಳಲಿಲ್ಲ.

‘ಅವಗ ಏನ ಅನಬ್ಯಾಡ್ರಿ, ಅಕ್ಕಾರ. ನಾ ಹೇಳಿದ್ದ ಬರದಾನ.’

ಆಗಲೇ ತೊಳೆದಿದ್ದ ಮೇಲಿನ ಮಹಡಿಗೆ ಬಕೆಟ್ಟು ಹೊತ್ತು ಹತ್ತಿಹೋಗಿ, ಅಲ್ಲಿಂದ ಮತ್ತೆ ತೊಳೆಯುತ್ತ ಬಂದರು. ಅಂದಿನಿಂದ ಅವರು ಮಂತ್ರಿಯ ಸುದ್ದಿ ಎತ್ತಲಿಲ್ಲ. ನನ್ನ ಜೊತೆ ಮಾತು ಕಡಿಮೆ ಮಾಡಿದರು ಎನ್ನಲಾರೆ. ಮಾತಿತ್ತು, ಮಳೆಯದು, ರೇಶನ್ನಿನದು, ಮೊಮ್ಮಗನ ಹಲ್ಲಿನದು. ಮತ್ತೊಮ್ಮೆ ಕೇಳಬಹುದು ಎಂದಿದ್ದೆನಲ್ಲ, ಅದನ್ನು ಅವರು ನೆನಪಿಸಲಿಲ್ಲ. ನಾನು ಮುಂದಿನ ಅಧಿವೇಶನಕ್ಕೆ ಒಂದು ಕರಡು ಮಾಡಿದೆ. ಹಿಂದಿನ ಉತ್ತರವೇ ಬರುತ್ತದೆಂದು ಕಚೇರಿಯ ಹಿರಿಯರು ಅದನ್ನು ಬದಿಗಿಟ್ಟರು. ಅವರು ಹೇಳಿದ್ದೂ ಸರಿಯೇ.

ಮಾವಶಿಯನ್ನು ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಮೂತ್ರಪಿಂಡ ಎರಡೂ ಕೆಲಸ ನಿಲ್ಲಿಸಿದ್ದವು. ನಾನು ಹೋದಾಗ ನಿದ್ದೆಯಲ್ಲಿದ್ದರು. ಹಚ್ಚೆಯಿದ್ದ ತೋಳಿಗೇ ಸಲೈನ್ ಸೂಜಿ ಚುಚ್ಚಿ ಮೇಲೆ ಪಟ್ಟಿ ಅಂಟಿಸಿದ್ದರು. ಮಗಳು ಕಾಲ ಬಳಿ ಕೂತಿದ್ದಳು. ಮೂರು ದಿನಕ್ಕೆ ಮುಗಿಯಿತು.

ಮಣ್ಣು ಕೊಟ್ಟು ಬಂದ ಮೇಲೆ ವಸ್ತಿಯ ಮನೆಯ ಮುಂದೆ ಎಲ್ಲರೂ ಕೂತಿದ್ದರು. ಬುದ್ಧನ ಫೋಟೊದ ಪಕ್ಕ ಎಲ್ಲಮ್ಮನ ಫೋಟೊ, ಅದರ ಕೆಳಗೆ ದೀಪ. ನನಗೊಂದು ಖುರ್ಚಿ ಹಾಕಿದರು. ಬೇಡವೆಂದು ನೆಲದ ಮೇಲೆ ಕೂತೆ. ಬೀಗರು ನನ್ನೆದುರಿಗಿದ್ದರು. ಬಿಳಿ ಟೋಪಿ, ತುಂಬ ಸಭ್ಯ ಮುಖ. ಸೊಸೆಯನ್ನು ಮಗಳಂತೆ ನೋಡಿಕೊಂಡಿದ್ದಾರೆಂದು ಮಾವಶಿಯೇ ಎಷ್ಟೋ ಸಲ ಹೇಳಿದ್ದರು. ಅವರು ಬೀಗಿತ್ತಿಯ ಗುಣಗಳನ್ನು ನೆನೆಯುತ್ತ, ಹಾಗೆಯೇ ಮಾವಶಿಯ ಗಂಡನನ್ನೂ ನೆನೆದರು. ಎಂಥ ಮಾಳಿ, ದ್ರಾಕ್ಷಿ ಬಳ್ಳಿಯ ವಿಷಯ ಅವರಷ್ಟು ತಿಳಿದವರನ್ನು ತಾನು ನೋಡಿಲ್ಲ, ಅವರು ಹೇಳಿದಂತೆ ಮಾಡಿ ತನ್ನ ಅಂಗಳದ ಬಳ್ಳಿ ಹಬ್ಬಿದೆ ಎಂದರು. ಸುತ್ತ ಕೂತ ವಸ್ತಿಯ ಗಂಡಸರು, ಮಾವಶಿಯ ಗಂಡನ ಜೊತೆ ಟ್ಯಾಂಕಿಗೆ ಇಳಿದವರು, ನೆಲ ನೋಡುತ್ತಿದ್ದರು.

ಬೀಗರು ನನ್ನ ಕಡೆ ತಿರುಗಿದರು.

‘ನೀವ ಅಲ್ಲೇ ವಿಶ್ರಾಮಬಾಗದಾಗ ಇರತೀರಂತಲ್ರಿ ಅಕ್ಕಾರ. ಮಿರಜ ರಸ್ತೆದ ಆ ಬಿಲ್ಡಿಂಗಿನ್ಯಾಗ ನಮ್ಮ ಬೀಗರ ಹಚ್ಚಿದ ಗಿಡ ಇನ್ನಾ ಅದಾವೇನ್ರಿ? ನೋಡೀರೇನು?’

ಚಹಾ ಕೊಡುತ್ತಿದ್ದ ಮಗಳ ಕೈ ನಿಂತಿತು. ಅವಳ ಕಂಕುಳಲ್ಲಿ ಕೂಸಿತ್ತು. ಅವಳು ನನ್ನನ್ನು ನೋಡಲಿಲ್ಲ, ಕೈಯಲ್ಲಿದ್ದ ಕಪ್ಪನ್ನು ನೋಡುತ್ತಿದ್ದಳು. ಉತ್ತರಿಸಲು ನನಗೆ ಅಧಿವೇಶನದ ಗಡುವಿರಲಿಲ್ಲ, ಕೆಳಗಿನ ಯಾವ ಕಚೇರಿಯನ್ನೂ ಕೇಳಬೇಕಾಗಿರಲಿಲ್ಲ. ಅವರ ಗಂಡ ಹೇಗೆ ಸತ್ತರೆಂದು ಮಾವಶಿ ನಂಬಿ ಹೇಳಿದ್ದು ನನಗೆ.

‘ಅದಾವ್ರಿ’ ಎಂದೆ. ‘ಚಲೋ ಬೆಳದಾವ.’